ಮಿದುಳಿನ ಸಸಿಮಡಿ

ಹೆಬ್ಬಾಳವನ್ನು ದಾಟಿ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಸಿಕ್ಕುವ ಕೃಷಿ ವಿಶ್ವವಿದ್ಯಾನಿಲಯದ ಆವರಣ ರಾಗಿಗೂ ಅವರೆಗೂ ಹೆಸರಾದುದು. ಅದೇ ಆವರಣದಲ್ಲಿ ಮನುಷ್ಯನ ನರಕೋಶಗಳಿಗೂ ಸಸಿಮಡಿಯುಂಟೆಂಬುದನ್ನು ಬಲ್ಲವರು ಕಡಿಮೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಆಕರಕೋಶಗಳ ಸಂಶೋಧನೆಗೆ ಮೀಸಲಾದ ಇನ್‌ಸ್ಟೆಮ್ ಸಂಸ್ಥೆಯೂ ಇರುವುದು ಅಲ್ಲಿಯೇ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ನನ್ನ ಸೋದರತ್ತೆಯ ನೆನಪಾಗುತ್ತದೆ.

ಇಪ್ಪತ್ತೆರಡರ ಹರೆಯದಲ್ಲಿ ಅತ್ತೆಗೆ, ಎದುರಿಗೆ ಇಲ್ಲದವರ ದನಿಗಳು ಕೇಳತೊಡಗಿದುವು. ಮನೆಯವರು ದೆವ್ವವೆಂದರು, ನೆರೆಯವರು ಕರ್ಮವೆಂದರು. ಚಿಕ್ಕಜ್ಜನಿಗೂ ಹೀಗೆಯೇ ಆಗಿತ್ತೆಂಬ ಮಾತನ್ನು ಮಾತ್ರ, ಹೆಣ್ಣುಮಕ್ಕಳ ಮದುವೆ ತಪ್ಪೀತೆಂದು, ಯಾರೂ ಬಾಯಿ ಬಿಡಲಿಲ್ಲ. ವೈದ್ಯರಾದರೂ ಏನು ಮಾಡಿಯಾರು? ಗಾಯವಾದರೆ ಬಿಡಿಸಿ ನೋಡಬಹುದು. ಬದುಕಿರುವವರ ಮಿದುಳನ್ನು ಹಾಗೆ ನೋಡಲಾದೀತೆ?

ಈ ತೊಡಕಿಗೆ ಜಪಾನಿನ ಶಿನ್ಯಾ ಯಮನಕ 2006ರಲ್ಲಿ ದಾರಿ ತೆರೆದರು. ಇಲಿಯ ಬಲಿತ ಕೋಶಗಳಿಗೆ ನಾಲ್ಕು ವಂಶವಾಹಿಗಳನ್ನು ಸೇರಿಸಿ, ಯಾವ ಅಂಗದ ಕೋಶವಾದರೂ ಆಗಬಲ್ಲ ಎಳೆತನಕ್ಕೆ, ಎಂದರೆ ಆಕರಕೋಶದ ಸ್ಥಿತಿಗೆ, ಅವನ್ನು ಮರಳಿಸಿದರು. ಮರುವರ್ಷ ಮನುಷ್ಯನ ಕೋಶಗಳಲ್ಲೂ ಅದು ಸಾಧ್ಯವಾಯಿತು. 2013ರಲ್ಲಿ ವಿಯೆನ್ನಾದ ಮೆಡೆಲೀನ್ ಲ್ಯಾಂಕಾಸ್ಟರ್ ಮತ್ತು ಯುರ್ಗೆನ್ ಕ್ನೋಬ್ಲಿಶ್ ಅವರ ತಂಡ ಆಕರಕೋಶಗಳಿಂದ ಮಿದುಳಿನ ಅಂಗಾಂಶದ ಗುಂಡುಗಳನ್ನೇ ಬೆಳೆಸಿತು. ಹೆಚ್ಚೆಂದರೆ 4 ಮಿಲಿಮೀಟರ್, ತೊಗರಿಬೇಳೆಯಷ್ಟು. ರಕ್ತನಾಳಗಳಿಲ್ಲವಾಗಿ ಅದಕ್ಕೂ ದೊಡ್ಡದಾದರೆ ಒಳಗಿನ ಕೋಶಗಳು ಸಾಯುವುವು. ಮಿದುಳು ಸಣ್ಣದಾಗಿ ಹುಟ್ಟಿದ ರೋಗಿಯೊಬ್ಬರ ಕೋಶಗಳಿಂದ ಬೆಳೆಸಿದ ಗುಂಡು ಬಟ್ಟಲಿನಲ್ಲೂ ಚಿಕ್ಕದಾಗಿಯೇ ಉಳಿಯಿತು. ಇದು ಮಿದುಳಲ್ಲ, ಚಿಂತಿಸುವುದೂ ಇಲ್ಲ. ಸಸಿಮಡಿ ಗದ್ದೆಯಲ್ಲ, ನಿಜ. ಆದರೆ ಬೇರಿನ ರೋಗ ಮೊದಲು ಕಾಣುವುದು ಅಲ್ಲಿಯೇ ಅಲ್ಲವೆ?

ನಮ್ಮ ಈ ಎರಡು ಸಂಸ್ಥೆಗಳು 2016ರಲ್ಲಿ ನಿಮ್ಹಾನ್ಸ್‌ನೊಡನೆ ಕೂಡಿ, ಒಂದೇ ಮನೆತನದ ಹಲವರನ್ನು ಕಾಡುವ ಸ್ಕಿಜೋಫ್ರೀನಿಯಾದಂಥ ಮನೋರೋಗಗಳ ಅಧ್ಯಯನವನ್ನು ಕೈಕೊಂಡುವು. ನಗರದ ಆ ತುದಿಯ ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ರೋಗಿಗಳೂ ರೋಗವಿಲ್ಲದ ಅವರ ಬಂಧುಗಳೂ ಕೊಟ್ಟ ರಕ್ತದ ಕೋಶಗಳು ಆಕರಕೋಶಗಳಾದುವು. ಅವುಗಳಿಂದ ನರಕೋಶಗಳು ಬೆಳೆದುವು. ಒಂದೇ ಮನೆಯವರಲ್ಲಿ ಒಬ್ಬರು ಏಕೆ ಕೆಡುತ್ತಾರೆ, ಇನ್ನೊಬ್ಬರು ಏಕೆ ಉಳಿಯುತ್ತಾರೆ ಎಂಬುದನ್ನು ಬಟ್ಟಲುಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಕೇಳುವ ಕೆಲಸವಿದು.

ಮದ್ದು ನಾಳೆಯೇ ಸಿಕ್ಕೀತೆಂದು ನಾನು ಹೇಳಲಾರೆ. ಆದರೆ ಆ ರಕ್ತವನ್ನು ಕೊಡುವ ಮೊದಲು ಆ ಮನೆಗಳವರು ಒಂದು ಮಾತನ್ನು ಆಡಬೇಕಾಯಿತು: "ನಮ್ಮಲ್ಲಿ ಇದು ಇದೆ." ಅತ್ತೆ ತೀರಿಕೊಳ್ಳುವವರೆಗೂ ನಮ್ಮ ಮನೆಯಲ್ಲಿ ಆ ಮಾತು ಹೊರಬೀಳಲಿಲ್ಲ. ತಡವಾದರೂ, ಇಂದು ನಾನು ಆಡಿದ್ದೇನೆ.