ಪಾರ್ಕಿನ ಹೋಟೆಲ್‌ನಲ್ಲಿ ಉಳಿದರೆ ಯಾವ ರೈಡಿಗೂ ಕ್ಯೂ ಇಲ್ಲವೇ? ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಬೇಸಿಗೆ ರಜೆ ಹತ್ತಿರ ಬರುತ್ತಿದ್ದಂತೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಬಗೆಯ ಸಂದೇಶ ತಿರುಗತೊಡಗುತ್ತದೆ. ಅಮೆರಿಕದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೊರಟ ಅಪ್ಪ-ಅಮ್ಮಂದಿರು ಇರುವ ಗ್ರೂಪ್‌ಗಳಲ್ಲಂತೂ ಹೆಚ್ಚು. ಅದರ ಸಾರ ಇಷ್ಟು: ಡಿಸ್ನಿಗೆ ಹೋಗುವವರು ಪಾರ್ಕಿನವರದೇ ಹೋಟೆಲ್‌ನಲ್ಲಿ ಒಂದು ರಾತ್ರಿ ಉಳಿದರೆ ಸಾಕು, ಎರಡು ದಿನ ಯಾವ ರೈಡಿಗೂ ಕ್ಯೂ ನಿಲ್ಲಬೇಕಿಲ್ಲ, ಅದೂ ಪೂರ್ತಿ ಫ್ರೀ. ಕೊನೆಗೆ ಎಂದಿನಂತೆ, ಈ ಗುಟ್ಟನ್ನು ಎಲ್ಲರಿಗೂ ಕಳಿಸಿ.

ಇದನ್ನು ಶುದ್ಧ ಸುಳ್ಳು ಎನ್ನಲಾಗದು. ಒಂದು ಕಂಪನಿಯ ನಿಜವನ್ನು ತೆಗೆದು ಇನ್ನೊಂದು ಕಂಪನಿಯ ಹೆಸರಿಗೆ ಅಂಟಿಸಲಾಗಿದೆ. ಹಾಗಾಗಿ ನಂಬಿ ರೂಮ್ ಬುಕ್ ಮಾಡಿದವರಿಗೆ ನೂರಾರು ಡಾಲರ್ ಕೈಬಿಟ್ಟು ಹೋಗಬಹುದು.

ಎರಡು ಕಂಪನಿ, ಎರಡು ನಿಯಮ

ಫ್ಲೋರಿಡಾ ರಾಜ್ಯದ ಒರ್ಲಾಂಡೊದಲ್ಲಿ ಎರಡು ದೊಡ್ಡ ಸಂಸ್ಥೆಗಳ ಥೀಮ್ ಪಾರ್ಕುಗಳಿವೆ. 1971ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಒಂದು. 1990ರಲ್ಲಿ ಆರಂಭವಾದ ಯೂನಿವರ್ಸಲ್ ಇನ್ನೊಂದು. ಎರಡೂ ಒಂದೇ ಊರಿನಲ್ಲಿವೆ, ಎರಡಕ್ಕೂ ಸ್ವಂತ ಹೋಟೆಲ್‌ಗಳಿವೆ. ಗೊಂದಲ ಶುರುವಾಗುವುದೇ ಇಲ್ಲಿ.

ಒಂದು ರಾತ್ರಿ ಉಳಿದವರಿಗೆ ಎರಡು ದಿನದ ಕ್ಯೂ ತಪ್ಪಿಸುವ ಪಾಸ್ ಕೊಡುವುದು ಯೂನಿವರ್ಸಲ್, ಡಿಸ್ನಿ ಅಲ್ಲ. ಯೂನಿವರ್ಸಲ್‌ನಲ್ಲೂ ಎಲ್ಲ ಹೋಟೆಲ್‌ಗಳಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿರುವ ಹತ್ತಕ್ಕೂ ಹೆಚ್ಚು ಹೋಟೆಲ್‌ಗಳ ಪೈಕಿ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಎಂಬ ಮೂರು ದುಬಾರಿ ಹೋಟೆಲ್‌ಗಳ ಅತಿಥಿಗಳಿಗೆ ಮಾತ್ರ ‘ಎಕ್ಸ್‌ಪ್ರೆಸ್ ಅನ್‌ಲಿಮಿಟೆಡ್’ ಪಾಸ್ ರೂಮಿನ ಬಾಡಿಗೆಯೊಂದಿಗೇ ಸಿಗುತ್ತದೆ. ಚೆಕ್-ಇನ್ ಮಾಡುವ ದಿನದಿಂದ ಚೆಕ್-ಔಟ್ ದಿನದವರೆಗೂ ಅದು ನಡೆಯುವುದರಿಂದ ಒಂದು ರಾತ್ರಿಗೆ ಎರಡು ದಿನ ಎಂಬ ಲೆಕ್ಕ ಸರಿ. ಅದೇ ಕಂಪನಿಯ ಅಗ್ಗದ ಹೋಟೆಲ್‌ಗಳಲ್ಲಿ ಉಳಿದವರಿಗೆ ಬೆಳಿಗ್ಗೆ ಇತರರಿಗಿಂತ ಮೊದಲು ಪಾರ್ಕಿನೊಳಗೆ ಬಿಡುವ ಸೌಲಭ್ಯವಿದೆ, ಎಕ್ಸ್‌ಪ್ರೆಸ್ ಪಾಸ್ ಇಲ್ಲ.

ಫಾರ್ವರ್ಡ್‌ನಲ್ಲಿ ಬಿಟ್ಟುಹೋಗಿರುವ ಇನ್ನೂ ಎರಡು ಸಂಗತಿಗಳಿವೆ. ಪಾರ್ಕಿನ ಪ್ರವೇಶ ಟಿಕೆಟ್ ಬೇರೆಯೇ ಕೊಳ್ಳಬೇಕು, ಎಕ್ಸ್‌ಪ್ರೆಸ್ ಪಾಸ್ ಟಿಕೆಟ್ ಅಲ್ಲ. ಮತ್ತೆ, 2025ರ ಮೇ ತಿಂಗಳಲ್ಲಿ ಯೂನಿವರ್ಸಲ್ ತೆರೆದ ಹೊಸ ಪಾರ್ಕ್ ‘ಎಪಿಕ್ ಯೂನಿವರ್ಸ್’ನಲ್ಲಿ ಹೋಟೆಲ್ ಕೊಟ್ಟ ಈ ಪಾಸ್ ನಡೆಯುವುದಿಲ್ಲ. ಮಕ್ಕಳು ಹಟ ಹಿಡಿದು ಕೇಳುವುದು ಆ ಹೊಸ ಪಾರ್ಕನ್ನೇ ಅನ್ನುವುದು ಬೇರೆ ಮಾತು.

ಡಿಸ್ನಿ ಕೊಡುವುದೇನು?

ಡಿಸ್ನಿ ತನ್ನ ಹೋಟೆಲ್ ಅತಿಥಿಗಳಿಗೆ ಕ್ಯೂ ತಪ್ಪಿಸುವ ಪಾಸ್ ಪುಕ್ಕಟೆ ಕೊಡುವುದಿಲ್ಲ. ಕೊಡುವುದು ಸಮಯದ ಅನುಕೂಲ. ದಿನವೂ ಪಾರ್ಕ್ ತೆರೆಯುವ 30 ನಿಮಿಷ ಮೊದಲೇ ಒಳಗೆ ಬಿಡುತ್ತಾರೆ. ಇನ್ನೊಂದು ಅನುಕೂಲ ‘ಲೈಟ್ನಿಂಗ್ ಲೇನ್’ ಎಂಬ ವೇಗದ ಸಾಲಿನದು. ಅದರ ಪಾಸನ್ನು ದುಡ್ಡು ಕೊಟ್ಟೇ ಕೊಳ್ಳಬೇಕು, ಆದರೆ ಹೋಟೆಲ್ ಅತಿಥಿಗಳು 7 ದಿನ ಮೊದಲೇ ಕೊಳ್ಳಬಹುದು, ಹೊರಗಿನವರು 3 ದಿನ ಮೊದಲು ಮಾತ್ರ. ಅಂದರೆ ಹೊರಗಿನವರು ಫೋನ್ ಹಿಡಿಯುವ ಹೊತ್ತಿಗೆ ಬೇಡಿಕೆಯಿರುವ ರೈಡುಗಳ ಒಳ್ಳೆಯ ಸಮಯಗಳು ಮುಗಿದಿರಬಹುದು.

ಒಂದು ಕಾಲದಲ್ಲಿ ಇದು ನಿಜಕ್ಕೂ ಪುಕ್ಕಟೆಯಾಗಿತ್ತು. ‘ಡಿಸ್ನಿಯಲ್ಲಿ ಫ್ರೀ ಫಾಸ್ಟ್‌ಪಾಸ್ ಇದೆ’ ಎಂದು ಹಿಂದೆ ಹೋಗಿಬಂದವರು ಹೇಳುವುದು ಸುಳ್ಳಲ್ಲ, ಹಳೆಯದು. 1999ರಲ್ಲಿ ಬಂದ ‘ಫಾಸ್ಟ್‌ಪಾಸ್’ ಒಂದು ಕಾಗದದ ಚೀಟಿ. ರೈಡಿನ ಹತ್ತಿರವಿದ್ದ ಯಂತ್ರದಲ್ಲಿ ಟಿಕೆಟ್ ತೂರಿಸಿದರೆ ‘ಇಷ್ಟು ಗಂಟೆಗೆ ಬನ್ನಿ’ ಎಂದು ಅಚ್ಚಾಗಿ ಬರುತ್ತಿತ್ತು. ಎಲ್ಲರಿಗೂ ಸಮಾನ, ಬೇಗ ಎದ್ದು ಓಡಿದವರಿಗೆ ಲಾಭ. ಆಮೇಲೆ ಅದು ಫೋನಿಗೆ ಬಂತು. ಆಗ ಹೋಟೆಲ್ ಅತಿಥಿಗಳಿಗೆ 60 ದಿನ ಮೊದಲು, ಉಳಿದವರಿಗೆ 30 ದಿನ ಮೊದಲು ಎಂಬ ಭೇದವೂ ಬಂತು. ಕೋವಿಡ್‌ನಿಂದ ಪಾರ್ಕುಗಳು ಮುಚ್ಚಿ ತೆರೆದ ಮೇಲೆ ಪುಕ್ಕಟೆ ಪಾಸ್ ಮರಳಲಿಲ್ಲ. 2021ರ ಅಕ್ಟೋಬರ್‌ನಿಂದ ಅದಕ್ಕೆ ಬೆಲೆ ಕಟ್ಟಿದರು. 2024ರ ಕೊನೆಯಲ್ಲಿ ಬಂದ ‘ಪ್ರೀಮಿಯರ್ ಪಾಸ್’ಗಂತೂ ಒಬ್ಬರಿಗೆ ಒಂದು ಪಾರ್ಕಿಗೆ ಒಂದು ದಿನಕ್ಕೆ 129ರಿಂದ 449 ಡಾಲರ್‌ವರೆಗೆ ದರ ಇಟ್ಟರು. ಮೊದಲು ಅದನ್ನು ಮಾರಿದ್ದೂ ಹೋಟೆಲ್ ಅತಿಥಿಗಳಿಗೇ.

ಕ್ಯೂ ನಿಜಕ್ಕೂ ಕಡಿಮೆಯಾಗುತ್ತದೆಯೇ?

ವೇಗದ ಸಾಲು ಇದ್ದರೆ ಜನ ಬೇಗ ಬೇಗ ಸಾಗುತ್ತಾರೆ, ಎಲ್ಲರಿಗೂ ಒಳ್ಳೆಯದು ಎಂದು ಅನೇಕರು ತಿಳಿದಿದ್ದಾರೆ. ಗಣಿತ ಇದನ್ನು ಒಪ್ಪುವುದಿಲ್ಲ.

ರೈಡ್ ಒಂದು ಗಂಟೆಗೆ ಎಷ್ಟು ಜನರನ್ನು ಕೂರಿಸಬಲ್ಲದೋ ಅಷ್ಟೇ. ಪಾಸ್ ಮಾರಿದರೆ ಹೊಸ ಸೀಟು ಹುಟ್ಟುವುದಿಲ್ಲ. ಸುಲಭಕ್ಕೆ ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಂದು ರೈಡ್ ಗಂಟೆಗೆ 1200 ಜನರನ್ನು ಹತ್ತಿಸುತ್ತದೆ ಎನ್ನಿ. ನಿಮ್ಮ ಮುಂದೆ 600 ಜನ ನಿಂತಿದ್ದರೆ ಅರ್ಧ ಗಂಟೆಯಲ್ಲಿ ನಿಮ್ಮ ಸರದಿ. ಈಗ 1200 ಸೀಟುಗಳಲ್ಲಿ 800ನ್ನು ವೇಗದ ಸಾಲಿಗೆ ಮೀಸಲಿಟ್ಟರು. ಸಾಮಾನ್ಯ ಸಾಲಿಗೆ ಉಳಿದದ್ದು ಗಂಟೆಗೆ 400 ಸೀಟು. ಅದೇ 600 ಜನರ ಹಿಂದೆ ನಿಂತ ನಿಮಗೆ ಈಗ ಒಂದೂವರೆ ಗಂಟೆ.

‘ಆ 600ರಲ್ಲಿ ಕೆಲವರು ಪಾಸ್ ಕೊಂಡು ಆ ಕಡೆ ಹೋಗಿರುತ್ತಾರಲ್ಲ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. 200 ಜನ ಹೋದರು ಎಂದೇ ಇಟ್ಟುಕೊಳ್ಳಿ. ಉಳಿದ 400 ಜನರಿಗೆ ಗಂಟೆಗೆ 400 ಸೀಟು. ಆದರೂ ನೀವು ಒಂದು ಗಂಟೆ ನಿಲ್ಲಬೇಕು, ಮೊದಲಿನ ಎರಡರಷ್ಟು. ನೀವು ನಿಂತ ಆ ಒಂದು ಗಂಟೆಯಲ್ಲಿ ವೇಗದ ಸಾಲಿಗೆ ಹೊಸಬರು ಬರುತ್ತಲೇ ಇರುತ್ತಾರೆ. ನಿಮಗಿಂತ ತಡವಾಗಿ ಬಂದವರು ನಿಮಗಿಂತ ಮೊದಲು ಹತ್ತುತ್ತಾರೆ.

ಕ್ಯೂಗಳ ಬಗ್ಗೆ ಒಂದು ಪ್ರಸಿದ್ಧ ಸೂತ್ರವಿದೆ. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು ಅದಕ್ಕೆ ಸಾಧನೆ ಕೊಟ್ಟರು. ಸಾಲಿನಲ್ಲಿರುವ ಜನರ ಸಂಖ್ಯೆ ಎಂದರೆ, ಜನ ಬರುವ ವೇಗ ಗುಣಿಸು ಅವರು ಸರಾಸರಿ ಕಾಯುವ ಹೊತ್ತು. ಬ್ಯಾಂಕಿಗೂ ಇದೇ, ಆಸ್ಪತ್ರೆಯ ಓಪಿಡಿಗೂ ಇದೇ. ಬರುವವರ ಸಂಖ್ಯೆ ಮತ್ತು ಸೀಟುಗಳು ಮೊದಲಿನಷ್ಟೇ ಇದ್ದರೆ ಎಲ್ಲರೂ ಸೇರಿ ಕಾಯುವ ಒಟ್ಟು ಹೊತ್ತು ಕರಗುವುದಿಲ್ಲ. ಒಬ್ಬರು ತಪ್ಪಿಸಿಕೊಂಡದ್ದನ್ನು ಇನ್ನೊಬ್ಬರು ನಿಲ್ಲಬೇಕು.

ಫೋನಿನಲ್ಲಿ ಸಮಯ ಕಾದಿರಿಸುವ ಪದ್ಧತಿಯಲ್ಲಿ ಇನ್ನೊಂದು ವಿಚಿತ್ರವಿದೆ. ಒಬ್ಬರು ಒಂದು ರೈಡಿನ ಸಮಯ ಕಾದಿರಿಸಿ, ಅದು ಬರುವವರೆಗೆ ಸುಮ್ಮನೆ ಕೂರುವುದಿಲ್ಲ. ಬೇರೊಂದು ರೈಡಿನ ಸಾಲಿನಲ್ಲಿ ನಿಲ್ಲುತ್ತಾರೆ. ಹೀಗೆ ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಸಾಲಿನಲ್ಲಿ ಇದ್ದಂತಾಯಿತು. ಮೊದಲು ಬೇಗ ಸಾಗುತ್ತಿದ್ದ ಸಣ್ಣಪುಟ್ಟ ರೈಡುಗಳಿಗೂ ಸಾಲು ಬೆಳೆಯುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ‘ಫ್ರೀ’ ಯಾರಿಗೆ?

ಹೋಟೆಲ್‌ಗೆ ಖಾಲಿ ಉಳಿದ ರೂಮ್ ಪೂರ್ತಿ ನಷ್ಟ, ಇವತ್ತು ಮಾರದ ರೂಮನ್ನು ನಾಳೆಗೆ ಎತ್ತಿಡಲಾಗದು. ಕ್ಯೂ ತಪ್ಪಿಸುವ ಪಾಸ್ ಸೇರಿಸಿದರೆ ಅದೇ ರೂಮಿಗೆ ಹೆಚ್ಚು ಬಾಡಿಗೆ ಕೇಳಬಹುದು. ಪಾಸ್ ಅಚ್ಚು ಹಾಕಲು ಕಂಪನಿಗೆ ಏನೂ ಖರ್ಚಿಲ್ಲ. ಅದರ ನಿಜವಾದ ಬೆಲೆ ಕಟ್ಟುವವರು ಇಬ್ಬರು: ಬಾಡಿಗೆಯಲ್ಲಿ ಹೋಟೆಲ್ ಅತಿಥಿ, ಬಿಸಿಲಿನಲ್ಲಿ ನಿಂತು ಸಾಮಾನ್ಯ ಟಿಕೆಟ್‌ನವರು. ಎರಡನೆಯವರೂ ಪ್ರವೇಶಕ್ಕೆ ಪೂರ್ತಿ ಹಣ ಕೊಟ್ಟೇ ಬಂದವರು. ‘ಫ್ರೀ’ ಎಂಬ ಪದವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಕಾಯುವಿಕೆಯ ಮನಃಶಾಸ್ತ್ರದ ಬಗ್ಗೆ 1985ರಲ್ಲಿ ಡೇವಿಡ್ ಮೈಸ್ಟರ್ ಬರೆದ ಲೇಖನ ಇಂದಿಗೂ ಈ ಕ್ಷೇತ್ರದವರು ಓದುವಂಥದ್ದು. ಅನ್ಯಾಯ ಅನಿಸುವ ಕಾಯುವಿಕೆ, ನ್ಯಾಯವಾದ ಕಾಯುವಿಕೆಗಿಂತ ಉದ್ದವಾಗಿ ಅನಿಸುತ್ತದೆ ಎಂಬುದು ಅದರಲ್ಲಿನ ಒಂದು ಮಾತು. ಇದು ಪಾರ್ಕಿನವರಿಗೂ ಗೊತ್ತು. ಬೇರೆಯವರ ಕಣ್ಣು ಕುಕ್ಕಬಾರದೆಂದು ಕೆಲವು ಪಾರ್ಕುಗಳು ದುಬಾರಿ ಪಾಸಿನವರನ್ನು ಹಿಂಬಾಗಿಲಿನಿಂದ, ಬೇರೆ ಗೇಟಿನಿಂದ ಒಳಗೆ ಬಿಡುತ್ತವೆ ಎಂದು ತತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡೆಲ್ 2012ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ನಮಗೆ ಇದು ಹೊಸತೇನಲ್ಲ. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನವಿದೆ, ಬಿಡದಿಯ ವಂಡರ್‌ಲಾದಲ್ಲಿ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ಅಲ್ಲೆಲ್ಲ ಚೀಟಿಗೆ ಇಷ್ಟು ಎಂದು ಬೆಲೆ ನೇರವಾಗಿ ಬರೆದಿರುತ್ತದೆ. ರೂಮಿನ ಬಾಡಿಗೆಯೊಳಗೆ ಸೇರಿಸಿದಾಗ ಆ ಬೆಲೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ನಿಮ್ಮ ಮನೆಯ ಲೆಕ್ಕ ನೀವೇ ಹಾಕಿ

ಯೂನಿವರ್ಸಲ್‌ನ ದುಬಾರಿ ಹೋಟೆಲ್ ಕೆಲವರಿಗೆ ನಿಜಕ್ಕೂ ಲಾಭ. ಅಲ್ಲಿ ಎಕ್ಸ್‌ಪ್ರೆಸ್ ಪಾಸನ್ನು ಬಿಡಿಯಾಗಿಯೂ ಮಾರುತ್ತಾರೆ, ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಉದಾಹರಣೆಗೆ ಒಬ್ಬರಿಗೆ ದಿನಕ್ಕೆ 150 ಡಾಲರ್ ಎಂದುಕೊಳ್ಳಿ. ನಾಲ್ಕು ಜನ, ಎರಡು ದಿನ: 1200 ಡಾಲರ್. ದುಬಾರಿ ಹೋಟೆಲ್‌ಗೂ ಹೊರಗಿನ ಸಾಧಾರಣ ಹೋಟೆಲ್‌ಗೂ ಒಂದು ರಾತ್ರಿಯ ವ್ಯತ್ಯಾಸ 400 ಡಾಲರ್ ಆದರೆ, ಹೋಟೆಲ್ ಆರಿಸಿದವರಿಗೆ 800 ಡಾಲರ್ ಉಳಿತಾಯ.

ಆದರೆ ಊರಿಂದ ಬಂದ ಅಜ್ಜ-ಅಜ್ಜಿ, ಮೂರು ವರ್ಷದ ಮಗು, ಅಪ್ಪ, ಅಮ್ಮ ಎಂದು ಐದು ಜನರ ಸಂಸಾರ ಹೊರಟಿದ್ದರೆ? ಅಜ್ಜ-ಅಜ್ಜಿ ರೋಲರ್ ಕೋಸ್ಟರ್ ಹತ್ತುವವರಲ್ಲ. ದೊಡ್ಡ ರೈಡುಗಳಿಗೆ ಕನಿಷ್ಠ ಎತ್ತರದ ನಿಯಮವಿದೆ, ಯಾವ ಪಾಸ್ ಇದ್ದರೂ ಮಗುವನ್ನು ಹತ್ತಿಸುವುದಿಲ್ಲ. ನಿಜವಾಗಿ ಪಾಸ್ ಬಳಸುವವರು ಇಬ್ಬರು. ಅವರಿಗೂ ಒಂದೇ ದಿನ ಸಾಕು ಎಂದಾದರೆ ಬಿಡಿ ಪಾಸಿಗೆ 300 ಡಾಲರ್, ಹೋಟೆಲ್‌ಗೆ ಹೆಚ್ಚುವರಿ 400. ಇಲ್ಲಿ ‘ಫ್ರೀ’ ಪಾಸಿನಿಂದ 100 ಡಾಲರ್ ನಷ್ಟ. ಈ ಅಂಕಿಗಳು ಉದಾಹರಣೆಗಾಗಿ ಮಾತ್ರ. ನೀವು ಹೋಗುವ ದಿನದ ದರಗಳನ್ನು ಪಾರ್ಕಿನ ಅಧಿಕೃತ ಪುಟದಲ್ಲಿ ನೋಡಿ ಇದೇ ರೀತಿ ಕೂಡಿ-ಕಳೆದರೆ ಆಯಿತು.

ನಮ್ಮವರು ಹೆಚ್ಚಾಗಿ ಹೋಗುವ ಜೂನ್-ಜುಲೈನಲ್ಲಿ ಒರ್ಲಾಂಡೊದಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಮಿಂಚು ಮಾಮೂಲು. ಮಿಂಚು ಹತ್ತಿರ ಬಂದರೆ ಹೊರಾಂಗಣದ ರೈಡುಗಳನ್ನು ನಿಲ್ಲಿಸುತ್ತಾರೆ. ಆಗ ಪಾಸ್ ಇದ್ದವರೂ ಇಲ್ಲದವರೂ ಒಂದೇ ಸೂರಿನಡಿ.

ವೀಲ್‌ಚೇರ್ ‘ಐಡಿಯಾ’ ಬೇಡ

ಇದೇ ಸಂದೇಶಕ್ಕೆ ಕೆಲವೊಮ್ಮೆ ಒಂದು ಬಾಲವೂ ಇರುತ್ತದೆ: ಅಜ್ಜಿಗೆ ವೀಲ್‌ಚೇರ್ ತೆಗೆದುಕೊಂಡರೆ ಇಡೀ ಕುಟುಂಬಕ್ಕೆ ಕ್ಯೂ ಇಲ್ಲ. ವಿಮಾನ ನಿಲ್ದಾಣದ ಅನುಭವದಿಂದ ಹುಟ್ಟಿದ ನಂಬಿಕೆ ಇರಬೇಕು. ಡಿಸ್ನಿಯಲ್ಲಿ ಬಹುತೇಕ ಸಾಲುಗಳು ವೀಲ್‌ಚೇರ್ ಹೋಗುವಷ್ಟು ಅಗಲವಾಗಿವೆ, ಎಲ್ಲರ ಜೊತೆಯಲ್ಲೇ ಹೋಗಬೇಕು. ಅಂಗವೈಕಲ್ಯ ಇರುವವರಿಗೆ ಕೊಡುತ್ತಿದ್ದ ಸೌಲಭ್ಯವನ್ನು ಹಣವಂತರು ದುರುಪಯೋಗ ಮಾಡುತ್ತಿದ್ದಾರೆ ಎಂಬ ವರದಿಗಳು 2013ರಲ್ಲಿ ಬಂದ ಮೇಲೆ ಡಿಸ್ನಿ ಹಳೆಯ ಕಾರ್ಡನ್ನೇ ರದ್ದುಮಾಡಿ ಹೊಸ ವ್ಯವಸ್ಥೆ ತಂದಿತು. 2024ರಲ್ಲಿ ಅದನ್ನೂ ಬಿಗಿ ಮಾಡಿ, ಆಟಿಸಂನಂಥ ಬೆಳವಣಿಗೆಯ ತೊಂದರೆಯಿಂದ ಹೆಚ್ಚು ಹೊತ್ತು ಸಾಲಿನಲ್ಲಿ ನಿಲ್ಲಲಾಗದವರಿಗೆಂದು ಸೀಮಿತಗೊಳಿಸಿತು. ಸುಳ್ಳು ಹೇಳಿದ್ದು ಗೊತ್ತಾದರೆ ಶಾಶ್ವತವಾಗಿ ಪ್ರವೇಶ ನಿಷೇಧ ಎಂದು ನಿಯಮದಲ್ಲೇ ಇದೆ. ನಿಯಮ ಬಿಗಿಯಾದಾಗ ಪೆಟ್ಟು ಬಿದ್ದದ್ದು ಸುಳ್ಳು ಹೇಳಿದವರಿಗೆ ಮಾತ್ರವಲ್ಲ. ಬೇರೆ ಕಾಯಿಲೆಗಳಿಂದ ನಿಜಕ್ಕೂ ಸಾಲಿನಲ್ಲಿ ನಿಲ್ಲಲಾಗದ ಹಲವರಿಗೂ ಮೊದಲಿನ ಸೌಲಭ್ಯ ಕೈತಪ್ಪಿತು.

ಸಣ್ಣ ಮಗುವಿರುವವರಿಗೆ ದುಡ್ಡಿಲ್ಲದೆ ಸಿಗುವ ಒಂದು ಅನುಕೂಲ ಮಾತ್ರ ಫಾರ್ವರ್ಡ್‌ಗಳಲ್ಲಿ ಕಾಣುವುದೇ ಇಲ್ಲ. ಅಪ್ಪ ರೈಡ್ ಮುಗಿಸಿ ಬರುವವರೆಗೆ ಅಮ್ಮ ಮಗುವಿನೊಂದಿಗೆ ಹೊರಗಿರಬಹುದು, ಆಮೇಲೆ ಅಮ್ಮ ಮತ್ತೆ ಆ ಉದ್ದ ಸಾಲಿನಲ್ಲಿ ನಿಲ್ಲದೆ ಹತ್ತಬಹುದು. ಡಿಸ್ನಿಯಲ್ಲಿ ಇದರ ಹೆಸರು ‘ರೈಡರ್ ಸ್ವಿಚ್’, ಯೂನಿವರ್ಸಲ್‌ನಲ್ಲಿ ‘ಚೈಲ್ಡ್ ಸ್ವಾಪ್’. ಯಾವ ಹೋಟೆಲ್‌ನಲ್ಲಿ ಉಳಿದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ರೈಡಿನ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಆ ಹೆಸರು ಹೇಳಿದರೆ ಸಾಕು.