ಕ್ಲಬ್ ಊರು ಬಿಟ್ಟಿತು, ಊರಿನವರು ಹೊಸದು ಕಟ್ಟಿದರು

ಟಿವಿ ಮುಂದೆ ಕೂತು ಮ್ಯಾಂಚೆಸ್ಟರ್, ಲಿವರ್‌ಪೂಲ್, ಚೆಲ್ಸಿ ಅಂತ ಜಗಳ ಮಾಡುವ ಹುಡುಗರು ನಮ್ಮ ಹೆಚ್ಚಿನ ಮನೆಗಳಲ್ಲಿ ಇದ್ದಾರೆ. ಅವರ ಬಾಯಲ್ಲಿ ಅದು 'ನಮ್ಮ ಕ್ಲಬ್'. ಮಾಲಕರು ಯಾರೆಂದು ಕೇಳಿದರೆ ಮಾತ್ರ ಯಾವುದೋ ಶ್ರೀಮಂತನ, ಇಲ್ಲವೇ ಕಂಪೆನಿಯ ಹೆಸರು ಬರುತ್ತದೆ. ಆ ಮಾಲಕ ನಾಳೆ ಕ್ಲಬ್ಬನ್ನೇ ಬೇರೆ ಊರಿಗೆ ಸಾಗಿಸಿದರೆ? ಲಂಡನಿನ ವಿಂಬಲ್ಡನ್‌ನಲ್ಲಿ ಹಾಗೆಯೇ ಆಯಿತು.

ವಿಂಬಲ್ಡನ್ ಎಂದರೆ ನಮಗೆ ಟೆನಿಸ್ ನೆನಪು. ಅಲ್ಲಿನ ಫುಟ್ಬಾಲ್ ಕ್ಲಬ್ 1889ರಷ್ಟು ಹಳೆಯದು. 1988ರಲ್ಲಿ ಲಿವರ್‌ಪೂಲನ್ನು 1-0 ಗೋಲಿನಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿತ್ತು. 1991ರಲ್ಲಿ ಪ್ಲೋ ಲೇನ್ ಎಂಬ ತನ್ನ ಮೈದಾನ ಬಿಟ್ಟು ಇನ್ನೊಂದು ಕ್ಲಬ್ಬಿನ ಮೈದಾನದಲ್ಲಿ ಆಡತೊಡಗಿತು. ಕೊನೆಗೆ ಮಾಲಕರು ಸುಮಾರು 90 ಕಿ.ಮೀ. ದೂರದ ಮಿಲ್ಟನ್ ಕೀನ್ಸ್‌ಗೆ ಹೋಗಲು ಅನುಮತಿ ಕೇಳಿದರು. 2002ರ ಮೇ 28ರಂದು ಮೂವರ ಸಮಿತಿ 2-1ರ ಬಹುಮತದಲ್ಲಿ ಒಪ್ಪಿಗೆ ಕೊಟ್ಟಿತು. ಅಪ್ಪ-ಅಜ್ಜನ ಕಾಲದಿಂದ ಪಂದ್ಯ ನೋಡುತ್ತಾ ಬಂದವರ ವಿರೋಧ ಲೆಕ್ಕಕ್ಕೇ ಬರಲಿಲ್ಲ.

ಅಭಿಮಾನಿಗಳು ಅಳುತ್ತಾ ಕೂರಲಿಲ್ಲ. ಕೆಲವೇ ವಾರಗಳಲ್ಲಿ 'ಎಎಫ್‌ಸಿ ವಿಂಬಲ್ಡನ್' ಎಂಬ ಹೊಸ ಕ್ಲಬ್ ಹುಟ್ಟಿತು. ಆಟಗಾರರ ಆಯ್ಕೆ ನಡೆದದ್ದು ಊರಿನ ಸಾರ್ವಜನಿಕ ಬಯಲಿನಲ್ಲಿ. ಸುಮಾರು 230 ಮಂದಿ ಬಂದಿದ್ದರು. ಜುಲೈ 10ರ ಮೊದಲ ಪಂದ್ಯದಲ್ಲಿ 4-0 ಸೋಲು. ಆದರೆ ನೋಡಲು ಬಂದವರು 4,657 ಮಂದಿ! ತೀರಾ ಕೆಳಗಿನ ಪ್ರಾದೇಶಿಕ ಲೀಗ್‌ನಿಂದ ಶುರು ಮಾಡಿದ ತಂಡ ಒಂಬತ್ತು ವರ್ಷಗಳಲ್ಲಿ ಐದು ಸಲ ಭಡ್ತಿ ಪಡೆದು 2011ರಲ್ಲಿ ಫುಟ್ಬಾಲ್ ಲೀಗ್‌ಗೆ ಬಂತು.

ಈ ಕ್ಲಬ್ಬಿನ ಹಿಡಿತ ಇರುವುದು 'ಡಾನ್ಸ್ ಟ್ರಸ್ಟ್' ಎಂಬ ಅಭಿಮಾನಿಗಳ ಸಂಘದ ಕೈಯಲ್ಲಿ. ಸದಸ್ಯನೊಬ್ಬನಿಗೆ ಒಂದೇ ಓಟು. ದುಡ್ಡು ಜಾಸ್ತಿ ಹಾಕಿದವನಿಗೂ ಒಂದೇ. ಆಡಳಿತ ಮಂಡಳಿಯನ್ನು ಅವರೇ ಚುನಾಯಿಸುತ್ತಾರೆ. ಜರ್ಮನಿಯಲ್ಲಂತೂ ಕೆಲವು ಕ್ಲಬ್‌ಗಳನ್ನು ಬಿಟ್ಟರೆ ಅರ್ಧಕ್ಕಿಂತ ಒಂದಾದರೂ ಹೆಚ್ಚು ಓಟು ಸದಸ್ಯರ ಸಂಘದಲ್ಲೇ ಇರಬೇಕೆಂಬ ನಿಯಮವೇ ಇದೆ.

ಹಾಗಂತ ಇದು ಸುಲಭದ ದಾರಿಯಲ್ಲ ಮಾರಾಯ್ರೆ. ಹಳೆಯ ಊರಿಗೆ ಮರಳಿ ಸ್ಟೇಡಿಯಂ ಕಟ್ಟುವಾಗ ದುಡ್ಡು ಸಾಲದೆ ಹೋಯಿತು. ಹೊರಗಿನ ಹೂಡಿಕೆದಾರರಿಗೆ ಪಾಲು ಕೊಡುವ ಮಾತೂ ಬಂತು. 2020ರಲ್ಲಿ ಅಭಿಮಾನಿಗಳೇ ಬಾಂಡ್ ಮೂಲಕ 50 ಲಕ್ಷ ಪೌಂಡ್‌ಗೂ ಹೆಚ್ಚು ಸಾಲ ಕೊಟ್ಟರು. ಬಡ್ಡಿ ಎಷ್ಟೆಂದು ಕೊಟ್ಟವರೇ ಆರಿಸಬಹುದಿತ್ತು: ಸೊನ್ನೆಯಿಂದ ಶೇ. 4ರವರೆಗೆ. ಬಡ್ಡಿ ಬೇಡ ಎನ್ನುವವರಿಗೂ ಅಲ್ಲಿ ಜಾಗವಿತ್ತು. ಆ ವರ್ಷ ನವೆಂಬರ್ 3ರಂದು ಹಳೆಯ ಮೈದಾನದ ಹತ್ತಿರವೇ ಹೊಸ ಪ್ಲೋ ಲೇನ್‌ನಲ್ಲಿ ಮೊದಲ ಪಂದ್ಯ ನಡೆಯಿತು. ಕೊರೋನಾದಿಂದಾಗಿ ಗ್ಯಾಲರಿ ಮಾತ್ರ ಖಾಲಿ. ಕಟ್ಟಿದವರು ಮನೆಯಲ್ಲೇ ಕೂತು ನೋಡಬೇಕಾಯಿತು.

ಒಂದು ಕಹಿ ಸತ್ಯವನ್ನೂ ಹೇಳಬೇಕು. ಈ ಸ್ಟೇಡಿಯಂ ಕಟ್ಟಲು ದುಡ್ಡು ಹೊಂದಿಸುವಾಗ ಕ್ಲಬ್ ತಾನು ಅಲ್ಲಿಯವರೆಗೆ ಆಡುತ್ತಿದ್ದ ಕಿಂಗ್ಸ್‌ಮೆಡೋ ಮೈದಾನವನ್ನು ಚೆಲ್ಸಿಗೆ ಮಾರಿತು. ಅದು ಮೊದಲು ಕಿಂಗ್‌ಸ್ಟೋನಿಯನ್ ಎಂಬ ಸಣ್ಣ ಕ್ಲಬ್ಬಿನ ಮನೆಯಾಗಿತ್ತು. ಅದೇ ಕ್ಲಬ್ ಬಾಡಿಗೆದಾರನಾಗಿ ಅಲ್ಲೇ ಉಳಿದಿತ್ತು; 2017ರಲ್ಲಿ ಹೊರಗೆ ಹೋಗಬೇಕಾಯಿತು. ಮನೆ ಕಳಕೊಂಡವರ ಕೈಯಿಂದಲೇ ಇನ್ನೊಬ್ಬರ ಮನೆ ಹೋಯಿತು. ಓಟು ಇದ್ದ ಮಾತ್ರಕ್ಕೆ ಎಲ್ಲ ತೀರ್ಮಾನವೂ ನ್ಯಾಯದ್ದಾಗುವುದಿಲ್ಲ.

ನಮ್ಮ ಊರುಗಳಲ್ಲೂ ಹುಡುಗರು ಚಂದಾ ಎತ್ತಿ ತಂಡ ಕಟ್ಟುತ್ತಾರೆ, ಟೂರ್ನಮೆಂಟ್ ಮಾಡುತ್ತಾರೆ. ಯಾರೋ ಒಬ್ಬರು ಜೆರ್ಸಿ ಕೊಡಿಸಿದರೆ ತಂಡ ಅವರದ್ದೇ ಆಗಿಬಿಡುತ್ತದೆ; ಅವರು ಗಲ್ಫ್‌ಗೆ ಹೋದರೆ ತಂಡವೂ ಇಲ್ಲ. ಜೆರ್ಸಿ ಕೊಟ್ಟವರಿಗೆ ಥ್ಯಾಂಕ್ಸ್ ಹೇಳೋಣ. ಆದರೆ ಸದಸ್ಯರ ಪಟ್ಟಿ, ಬರೆದಿಟ್ಟ ಲೆಕ್ಕ, ವರ್ಷಕ್ಕೊಂದು ಸಭೆ, ಎಲ್ಲರಿಗೂ ಒಂದೊಂದು ಓಟು — ಇಷ್ಟಕ್ಕೆ ದೊಡ್ಡ ಬಂಡವಾಳವೇನೂ ಬೇಡ. ಈ ಸಲ ಚಂದಾ ಕೇಳಲು ಹುಡುಗರು ಮನೆ ಬಾಗಿಲಿಗೆ ಬಂದಾಗ ದುಡ್ಡಿನ ಜೊತೆ ಈ ಮಾತನ್ನೂ ಕೊಟ್ಟು ಕಳಿಸೋಣ.