ಬೆವರು ಸುರಿದರೆ ಸಾಲದು, ಆರಬೇಕು

ಕಕ್ಕಬೆಯಿಂದ ತಡಿಯಂಡಮೋಳ್ ಬೆಟ್ಟಕ್ಕೆ ಹೊರಟವರು ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ದಾಟಿ ಏರತೊಡಗುತ್ತಾರೆ. ಎತ್ತರ 1,748 ಮೀಟರ್. ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟವಿಲ್ಲ. ದೇಹ ತನ್ನ ಒಳಗಿನ ಹದವನ್ನು ಹೇಗೆ ಕಾಯುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ನನಗೆ ಕಂಡಿಲ್ಲ.

ನಸುಕಿನ ಚಳಿಗೆ ಮಕ್ಕಳ ತೋಳಿನ ರೋಮ ನಿಮಿರಿರುತ್ತದೆ. ಚರ್ಮದ ರಕ್ತನಾಳಗಳು ಕಿರಿದಾಗಿ, ಬಿಸಿರಕ್ತ ಒಳಗೇ ಉಳಿಯುತ್ತದೆ. ಅರ್ಧ ಗಂಟೆ ಏರಿದ ಮೇಲೆ ಅದೇ ಚರ್ಮದ ನಡೆ ಪೂರ್ತಿ ಬದಲು: ನಾಳಗಳು ಹಿಗ್ಗಿ ಮುಖ ಕೆಂಪಾಗುತ್ತದೆ, ಬೆವರು ಒಡೆಯುತ್ತದೆ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಯಿಂದ ಹೊರಹೋಗುತ್ತದೆ. ಆದರೆ ಅದು ಆರಲೇಬೇಕು. ಗಾಳಿಯಾಡದ ಏಲಕ್ಕಿ ತೋಟದಲ್ಲಿ ಒದ್ದೆ ಕೈಯನ್ನೊಮ್ಮೆ ಚಾಚಿಸಿ, ಮೇಲಿನ ಬಯಲು ಹುಲ್ಲುಗಾವಲಿನಲ್ಲಿ ಮತ್ತೊಮ್ಮೆ ಚಾಚಿಸಿ ನೋಡಿ. ಎರಡರ ವ್ಯತ್ಯಾಸವನ್ನು ಮಗು ಮರೆಯುವುದಿಲ್ಲ.

ಕಕ್ಕಬೆ ಜೇನಿಗೆ ಹೆಸರಾದ ಊರು. ಹಾಗಾಗಿ ಇಲ್ಲಿನ ಮಕ್ಕಳಿಗೆ ಹೋಲಿಕೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮರಿಗಳಿರುವ ತುಡುವೆ ಎರಿಯ ಬಿಸಿ ಸಾಮಾನ್ಯವಾಗಿ 33ರಿಂದ 35 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಚಳಿಯಾದರೆ ಹುಳುಗಳು ರೆಕ್ಕೆ ಆಡಿಸದೆಯೇ ಹಾರಾಟದ ಸ್ನಾಯುಗಳನ್ನು ಕಂಪಿಸಿ ಬಿಸಿ ಹುಟ್ಟಿಸುತ್ತವೆ. ನಮ್ಮ ನಡುಕವೂ ಅದೇ ಕೆಲಸ. ಸೆಕೆಯಾದರೆ ನೀರು ತಂದು ಹರಡಿ ರೆಕ್ಕೆ ಬೀಸುತ್ತವೆ. ಅದು ಗೂಡಿನ ಬೆವರು! ಗೂಡಿನಲ್ಲಿ ಅಪ್ಪಣೆ ಕೊಡುವ ಹುಳು ಯಾವುದೂ ಇಲ್ಲ. ನಮ್ಮ ಮೈಯಲ್ಲಿ ಮಾತ್ರ ಮೆದುಳಿನ ಬುಡದ ಹೈಪೋಥಲಾಮಸ್ ರಕ್ತದ ಬಿಸಿಯನ್ನು ಗಮನಿಸುತ್ತ, 37 ಡಿಗ್ರಿಯ ಸುತ್ತ ಹಿಡಿದಿಡುತ್ತದೆ.

ಈ ಸಮಸ್ಥಿತಿಗೆ 1926ರಲ್ಲಿ ವಾಲ್ಟರ್ ಕ್ಯಾನನ್ ಇಟ್ಟ ಹೆಸರು ಹೋಮಿಯೋಸ್ಟೇಸಿಸ್. ನಮ್ಮ ಪಾಠಗಳಲ್ಲಿ ಚರ್ಮ ಒಂದು ಅಧ್ಯಾಯ, ಮೂತ್ರಪಿಂಡ ಇನ್ನೊಂದು, ಯಕೃತ್ತು ಮತ್ತೊಂದು. ಚಿತ್ರ ಬರೆದು ಭಾಗ ಗುರುತಿಸಿದ ಮಗುವಿಗೆ ಅಂಕ ಸಿಗುತ್ತದೆ, ಇವು ಒಂದಕ್ಕೊಂದು ಹೆಗಲು ಕೊಡುತ್ತವೆಂಬುದು ಮಾತ್ರ ತಿಳಿಯುವುದೇ ಇಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೆಟ್ಟದಲ್ಲಿ ಅಧ್ಯಾಯಗಳು ಕೂಡಿಕೊಳ್ಳುತ್ತವೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಬಿಡುತ್ತವೆ. ಬೆವರಾಗಿ ನೀರು ಹೋದಷ್ಟೂ ಅವು ಕೈ ಬಿಗಿಹಿಡಿಯುತ್ತವೆ. ಮೂತ್ರ ಗಾಢ ಹಳದಿಯಾಗುವುದು ಆಗಲೇ. ಕಾಲಿನ ಸ್ನಾಯು ಸಕ್ಕರೆ ಬೇಡಿದರೆ ಯಕೃತ್ತು ಕೂಡಿಟ್ಟ ಗ್ಲೈಕೋಜನ್ ಒಡೆದು ರಕ್ತಕ್ಕೆ ಸುರಿಯುತ್ತದೆ. ಶ್ವಾಸಕೋಶ ಹೆಚ್ಚಿದ ಇಂಗಾಲದ ಡೈಆಕ್ಸೈಡನ್ನು ಏದುಸಿರಿನಲ್ಲಿ ಹೊರದಬ್ಬುತ್ತದೆ.

ತುದಿಯಲ್ಲಿ ಮಕ್ಕಳನ್ನು ಕೂರಿಸಿ, ಮಣಿಕಟ್ಟಿನ ನಾಡಿ ಎಣಿಸಲು ಹೇಳಿ. ಐದು ನಿಮಿಷ ಬಿಟ್ಟು ಮತ್ತೆ ಎಣಿಸಿದರೆ ಲೆಕ್ಕ ಇಳಿದಿರುತ್ತದೆ. ಅಷ್ಟರಲ್ಲಿ ಗಾಳಿ ಬೀಸಿ, ಒದ್ದೆ ಅಂಗಿ ಬೆನ್ನಿಗೆ ತಣ್ಣಗೆ ಅಂಟಿ, ತೋಳಿನ ರೋಮ ಮತ್ತೆ ನಿಮಿರುತ್ತದೆ.